ಐದು ಮೆಟ್ಟಿಲು ಕೆಳಗಿನ ದನಿ

ನನ್ನ ಹೆಂಡತಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅವಳು ಹೇರೋಹಳ್ಳಿಯ ಮನೆಯ ಜಗಲಿಯ ಮೇಲೆ ಕೂತು ರೇಡಿಯೋ ಜೊತೆ ಹಾಡಿಕೊಳ್ಳುತ್ತಿದ್ದಳಂತೆ. ಅವಳ ಅಣ್ಣ, ಅಂದರೆ ನನ್ನ ಭಾವನವರು, ಒಳಗಿನಿಂದ ಬಂದು "ಏನೇ ಅದು ಗಂಡಸ್ರ ಗಂಟ್ಲು?" ಎಂದು ಕಿವಿಯ ಬುಡಕ್ಕೆ ಬಾರಿಸಿದರು. ಕಿವಿಯಿಂದ ರಕ್ತ ಬಂತು. ಸಂಗೀತ ಕ್ಷೇತ್ರದಲ್ಲಿ ಅವಳಿಗೆ ಸಂದ ಮೊದಲ ಪುರಸ್ಕಾರ ಅದು.

ನಾನು ಹೆಣ್ಣು ನೋಡಲು ಹೋದಾಗ, ಹುಡುಗಿಗೆ ನೆಗಡಿ, ಹಾಡು ಬೇಡ ಎಂದರು ಆ ಮನೆಯವರು. ನನ್ನ ತಾಯಿ ಶಾಸ್ತ್ರ ಬಿಡುವವರಲ್ಲ. ಎರಡೇ ಸಾಲು ಸಾಕು ಎಂದು ಪಟ್ಟು ಹಿಡಿದರು. ಹುಡುಗಿ ನೆಲ ನೋಡಿಕೊಂಡು ಒಂದು ಸಿನಿಮಾ ಹಾಡು ಶುರು ಮಾಡಿದಳು. ಆ ದನಿ ಕಿವಿಯ ದಾರಿ ಹಿಡಿಯಲೇ ಇಲ್ಲ, ನೇರವಾಗಿ ಪಕ್ಕೆಲುಬಿನ ಕೆಳಗೆ ಗುದ್ದಿತು. ನಾವೆಲ್ಲ ಬೆಳೆದದ್ದು, ನಾಯಕಿಗೆ ಎಷ್ಟೇ ವಯಸ್ಸಾದರೂ ಹದಿನಾರರ ಹುಡುಗಿಯ ಕೀಚಲು ಕಂಠವನ್ನೇ ಅಂಟಿಸುತ್ತಿದ್ದ ಕಾಲದಲ್ಲಿ. ಆ ಕಂಠಗಳು ಮುದ್ದು ಮಾಡಿಸಿಕೊಳ್ಳುತ್ತವೆ. ತಗ್ಗಿನ ದನಿಯ ಹೆಂಗಸು ಹಾಗಲ್ಲ. ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿ, ಕೇಳು ಎನ್ನುತ್ತಾಳೆ. ನಾನು ಕೇಳಿದೆ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತಾಯಿ, "ನೆಗಡಿ ವಾಸಿಯಾದ್ರೆ ದನಿ ಸರಿಹೋಗತ್ತೆ ಬಿಡು" ಎಂದು ಸಮಾಧಾನ ಹೇಳಿದರು. ಮೂವತ್ತನಾಲ್ಕು ವರ್ಷವಾಯಿತು. ದೇವರ ದಯೆಯಿಂದ ಇನ್ನೂ ವಾಸಿಯಾಗಿಲ್ಲ.

ಈಚೆಗೆ ನಮ್ಮ ಕಡೆಯ ನಿವೃತ್ತರಿಗೆಲ್ಲ ಕರೋಕೆ ಜ್ವರ ಹಿಡಿದಿದೆ. ಬರೀ ವಾದ್ಯಗಳಿರುವ ಟ್ರ್ಯಾಕ್ ಹಾಕಿ, ಅದರ ಮೇಲೆ ನಮ್ಮ ಗಂಟಲು ಹರಿಯಬಿಡುವುದು. ವಿಜಯನಗರದಲ್ಲಿ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಭಾವನವರದೇ ಒಂದು ಹಾಲ್ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ಬಳಗ ಸೇರುತ್ತಿತ್ತು. ಹಾಲ್ ಅವರದಾದ್ದರಿಂದ ಅಧ್ಯಕ್ಷರೂ ಅವರೇ. ಲ್ಯಾಪ್‌ಟಾಪ್ ನನ್ನದಾದ್ದರಿಂದ ಟ್ರ್ಯಾಕ್ ಹಾಕುವವನು ನಾನು. ಒಂದು ಗುಂಡಿ ಒತ್ತಿದರೆ ಟ್ರ್ಯಾಕಿನ ಶ್ರುತಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ತಗ್ಗಿನ ಗಂಟಲಿನವರೂ ಆರಾಮಾಗಿ ಹಾಡಬಹುದು. ಭಾವನವರ ಕಾನೂನು ಅದನ್ನು ನಿಷೇಧಿಸಿತ್ತು. "ಒರಿಜಿನಲ್ ಸ್ಕೇಲಲ್ಲೇ ಹಾಡ್ಬೇಕು. ಇಳ್ಸೋದು ಹೇಡಿಗಳ ಕೆಲ್ಸ."

ಹಾಗಾಗಿ ನನ್ನ ಹೆಂಡತಿ ವಾರವಾರವೂ ಎಲ್ಲರೆದುರು ಕತ್ತು ಹಿಸುಕಿಸಿಕೊಳ್ಳುತ್ತಿದ್ದಳು. ಮೇಲಿನ ಸ್ವರಕ್ಕೆ ಹೋದಾಗ ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬುತ್ತಿದ್ದವು, ದನಿ ಹರಿದು ಚೂರಾಗುತ್ತಿತ್ತು. ಹಿಂದಿನ ಸಾಲಿನಿಂದ ಯಾರೋ "ಮೇಡಂಗೆ ನೀರು ಕೊಡ್ರಪ್ಪಾ" ಎನ್ನುವರು, ನಗು. ಮನೆಗೆ ಬಂದು ಅವಳು ನೇರ ಅಡುಗೆಮನೆಗೆ ಹೋಗುತ್ತಿದ್ದಳು. ಒಂದು ಭಾನುವಾರ ತೆಂಗಿನಕಾಯಿ ಒಡೆದ ರಭಸಕ್ಕೆ ಅಡುಗೆಮನೆಯ ಕಲ್ಲೇ ಬಿರುಕು ಬಿಟ್ಟಿತು.

ಬಳಗದ ವಾರ್ಷಿಕೋತ್ಸವದ ಹಿಂದಿನ ದಿನ ಅವಳು ಅಂದಳು: "ರೀ, ನಾಳೆ ನನ್ ಹಾಡಿಗೆ ಐದು ಮೆಟ್ಲು ಇಳ್ಸಿ. ಒಂದ್ಸಲ ನನ್ ದನೀಲಿ ಹಾಡ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ, ಸಾಯೋವರ್ಗೂ ಮೈಕ್ ಮುಟ್ಟಲ್ಲ."

"ನಿನ್ ದನಿ ತಗ್ಗಿದ್ರೆ ನಿಮ್ಮಣ್ಣಂಗೆ ತಕ್ಷಣ ಗೊತ್ತಾಗತ್ತೆ. ನನ್ನ ಸಿಗಿದು ತೋರಣ ಕಟ್ತಾನೆ ಕಣೇ."

"ನನಗೆ ಹನ್ನೆರಡನೇ ವಯಸ್ಸಿಗೇ ಬಿದ್ದಾಯ್ತಲ್ಲ. ಈಗ ನಿಮ್ಮ ಸರದಿ."

ಐದು ಇಳಿಸಿದೆ. ಅರವತ್ತು ಕುರ್ಚಿ ತುಂಬಿದ ಸಭೆ. ಅವಳು ಹಾಡತೊಡಗಿದಳು. ಕತ್ತಿನ ನರ ಒಂದೂ ಉಬ್ಬಲಿಲ್ಲ. ನೆಲದೊಳಗಿಂದ ಬಂದಂತೆ ಬಂತು ದನಿ, ದಪ್ಪವಾಗಿ, ನಿಧಾನವಾಗಿ. ಪಾತ್ರೆ ಅಂಗಡಿಗೂ ಕೇಳಿಸಿರಬೇಕು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬಾಯಿಗಿಡುತ್ತಿದ್ದ ಬೋಂಡಾ ಹಾಗೇ ಹಿಡಿದು ಕೂತರು.

ಪಲ್ಲವಿ ಮುಗಿಯುವಷ್ಟರಲ್ಲಿ ಭಾವನವರು ನನ್ನ ಮೇಜಿನ ಬಳಿ ನಿಂತಿದ್ದರು. "ಸ್ಕೇಲ್ ಯಾರು ಇಳ್ಸಿದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಲ್ಯಾಪ್‌ಟಾಪನ್ನು ನನ್ನ ಬೆರಳುಗಳ ಮೇಲೆ ಮುಚ್ಚಿ ಅದುಮಿದರು. ಎರಡು ಉಗುರು ಕಪ್ಪಾದವು. ವಾದ್ಯ ನಿಂತಿತು. ಅವಳು ನಿಲ್ಲಿಸಲಿಲ್ಲ, ಬರಿಗಂಟಲಲ್ಲಿ ಮೊದಲ ಚರಣ ಹಿಡಿದಳು. ಭಾವನವರು ವೇದಿಕೆಗೆ ನುಗ್ಗಿ ಮೈಕ್ ಕಿತ್ತುಕೊಳ್ಳಲು ಹೋದರು, ಅವಳು ಬಿಡಲಿಲ್ಲ. ಎಳೆದಾಟದಲ್ಲಿ ಮೈಕ್ ಅವಳ ಬಾಯಿಗೆ ಬಡಿಯಿತು. ಆ ಸದ್ದು ಸ್ಪೀಕರಿನಲ್ಲಿ ಗುಡುಗಿತು. ತುಟಿ ಸೀಳಿತು, ಮುಂದಿನ ಹಲ್ಲೊಂದು ಸೀರೆಯ ಮೇಲೆ ಬಿತ್ತು.

ನಾನು ಶಾಂತ ಸ್ವಭಾವದವನು. ಇನ್ನೊಂದು ಮೈಕ್ ತೆಗೆದುಕೊಂಡು ಸಭೆಗೆ ಒಂದು ವಿಷಯ ನಿವೇದಿಸಿದೆ: "ಭಾವ, ನಿಮ್ಮ ಪ್ರತಿಯೊಂದು ಹಾಡಿಗೂ ಮೂರು ವರ್ಷದಿಂದ ನಾನು ಮೂರು ಮೆಟ್ಟಿಲು ಇಳಿಸ್ತಾ ಇದೀನಿ. ಇಲ್ಲಾಂದ್ರೆ ನಿಮ್ಮ ಗಂಟಲು ಮೇಲೆ ಹೋಗಲ್ಲ."

ಬ್ಯಾಂಕ್ ಮ್ಯಾನೇಜರ್ ಎದ್ದು ನಿಂತರು. "ಸಾರ್, ನನಗೂ ಇಳ್ಸಿದೀರಾ?"

"ನಿಮಗೆ ನಾಲ್ಕು ಸಾರ್."

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಮೈಕ್ ಸ್ಟ್ಯಾಂಡ್ ಎತ್ತಿ ನನ್ನ ಭುಜಕ್ಕೆ ಬೀಸಿದರು. ಕೊರಳ ಪಕ್ಕದ ಮೂಳೆ ಮುರಿದದ್ದು ನನಗೆ ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಕುರ್ಚಿಗಳು ಉರುಳಿದವು. ಬಿಡಿಸಲು ಬಂದ ಖಜಾಂಚಿಯ ಕನ್ನಡಕ ಯಾರದೋ ಕಾಲಡಿ ಪುಡಿಯಾಯಿತು. ಭಾವನವರು ಎರಡನೆಯ ಏಟಿಗೆ ಕೈ ಎತ್ತಿದಾಗ ನನ್ನ ಹೆಂಡತಿ ಆ ಸ್ಟ್ಯಾಂಡಿನ ಕಬ್ಬಿಣದ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದಳು. ಅವರ ಮಣಿಕಟ್ಟು ಲಟಕ್ಕೆಂದಿತು. ಅವರು ಅಲ್ಲೇ ವೇದಿಕೆಯ ಅಂಚಿಗೆ ಕುಸಿದರು.

"ಕೂತ್ಕೋ ಅಣ್ಣ," ಎಂದಳು, ರಕ್ತ ಉಗಿದು. "ಇನ್ನೊಂದು ಚರಣ ಇದೆ."

ಹಾಡಿದಳು. ಹಲ್ಲಿಲ್ಲದ ಜಾಗದಲ್ಲಿ ಗಾಳಿ ಸೀಟಿ ಹೊಡೆಯುತ್ತಿತ್ತು, ಗಲ್ಲದಿಂದ ಕೆಂಪು ಹನಿ ಇಳಿಯುತ್ತಿತ್ತು. ದನಿ ಮಾತ್ರ ಅಲುಗಲಿಲ್ಲ. ಅಣ್ಣ ಮಣಿಕಟ್ಟು ಹಿಡಿದುಕೊಂಡು, ತಂಗಿಯ ಕಾಲಬಳಿ ಕೂತು, ಪೂರ್ತಿ ಕೇಳಿದರು. ಚಪ್ಪಾಳೆ ಬೀಳಲಿಲ್ಲ. ನಮ್ಮನ್ನು ಆಸ್ಪತ್ರೆಗೆ ಸಾಗಿಸಲು ಎಲ್ಲರೂ ಆಟೋ ಹುಡುಕಲು ಓಡಿದರು.

ಬಳಗ ಒಡೆಯಿತು. ಬ್ಯಾಂಕ್ ಮ್ಯಾನೇಜರ್ ಬಸವೇಶ್ವರನಗರದಲ್ಲಿ ಹೊಸದೊಂದು ಕಟ್ಟಿದ್ದಾರೆ. ಅಲ್ಲಿ ತಮಗೆಷ್ಟು ಇಳಿಸಬೇಕೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡುತ್ತಾರೆ. ಭಾವನವರು ಬರುವುದಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನವೂ ಬರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅದು ತಪ್ಪಿದ್ದು ಇದೇ ಮೊದಲು. ಆ ದಿನ ಅವಳು ಮಧ್ಯಾಹ್ನದವರೆಗೂ ಬಾಗಿಲ ಕಡೆ ನೋಡುತ್ತಿದ್ದದ್ದನ್ನು ನಾನು ಕಂಡೆ, ಕಾಣದವನಂತಿದ್ದೆ.

ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಹಾಡು ಕೇಳಿಸಿತು. ಅರ್ಧಕ್ಕೆ ನಿಲ್ಲಿಸಿ ಕೂಗಿದಳು: "ರೀ, ಅವತ್ತು ಐದು ಸಾಲ್ಲಿಲ್ಲ ಅನ್ಸತ್ತೆ. ಆರು ಇಳ್ಸಿದ್ರೆ ಇನ್ನೂ ಚೆನ್ನಾಗಿರೋದು."

"ಇಳ್ಸೋಣ ಬಿಡು," ಎಂದೆ. "ಇನ್ನೊಂದು ಭುಜ ಇದೆಯಲ್ಲ."