ಅಣ್ಣನ ಮೊಳ

ಬೆಳಿಗ್ಗೆ ಕೊಟ್ಟಿಗೆ ಗುಡಿಸಿ, ರಾಗಿ ಬೀಸಿಸಿಕೊಂಡು ಬಂದು, ಬಟ್ಟೆ ಒಗೆದು ಹರವಿ, ಸಂಜೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮಗಳು ಧರ್ಮಪುರಿಯ ಕಾಲೇಜಿನಿಂದ ಬಂದಳು. ಫಿಸಿಕ್ಸ್ ಪಾಠ ಅಂದೇ ಶುರುವಾಗಿತ್ತು.

"ಏನ್ ಹೇಳ್ಕೊಟ್ರು ಪಾಪ?" ಎಂದ ನಮ್ಮಣ್ಣ. ವಾರದಿಂದ ನಮ್ಮಲ್ಲೇ ಉಂಡುಕೊಂಡು ನಮಗೇ ಬುದ್ಧಿ ಹೇಳುತ್ತಿದ್ದ. ನನ್ನ ಗಂಡ ಅವನ ಮಾತು ಮೀರುವವರಲ್ಲ.

"ಅಳತೆ, ಮಾಮ. ಮೀಟರು, ಸೆಕೆಂಡು."

"ಅಳೆಯಾಕ್ ಕಲಿಯಾಕೆ ಬಸ್ ಹತ್ಬೇಕಾ? ದೇವ್ರು ಕೈ ಕೊಟ್ಟವ್ನಲ್ಲ. ನಾಳೆಯಿಂದ ಕಾಲೇಜ್ ಬಿಡ್ಸು, ಕುರಿ ಮೇಯಿಸ್ಲಿ," ಎಂದು ನನ್ನತ್ತ ತಿರುಗಿದ. ಗಂಡ ಹೂಂ ಎಂದರು. ಮಗಳ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಕುರಿದೊಡ್ಡಿಯ ಬಾಗಿಲಿಗೆಂದು ಪೆನ್ನಾಗರಂನಲ್ಲಿ ಹೆಣೆಸಿದ್ದ ಬಿದಿರಿನ ತಡಿಕೆ ಬಂತು. ಬಾಗಿಲನ್ನು ಅಣ್ಣನೇ ತನ್ನ ಉದ್ದ ಕೈಯಿಂದ ಅಳೆದು, ಮೂರು ಮೊಳ ಅಂತ ಫೋನಿನಲ್ಲಿ ಹೇಳಿದ್ದ. ಹೆಣೆದವನ ಕೈ ಗಿಡ್ಡ. ತನ್ನ ಮೂರು ಮೊಳ ಹೆಣೆದಿದ್ದ. ನಿಲ್ಲಿಸಿದರೆ ಪಕ್ಕದಲ್ಲಿ ಇಷ್ಟಗಲ ಸಂದಿ. ನೋಡುತ್ತಿದ್ದಂತೆಯೇ ಒಂದು ಮರಿ ನುಸುಳಿ ಹೊರಬಂತು.

"ಕುಳ್ ನನ್ಮಗ ಕೆಡಿಸ್ಬುಟ್ಟ," ಎಂದ ಅಣ್ಣ.

"ಅವ್ರ್ ಕೈಗೆ ಅವ್ರ್ ಮೊಳ, ನಿನ್ ಕೈಗೆ ನಿನ್ ಮೊಳ ಮಾಮ. ಅದ್ಕೇ ಎಲ್ರಿಗೂ ಒಂದೇ ಮೀಟರು ಇರ್ಬೇಕು ಅಂತ ಇವತ್ತು ಹೇಳ್ಕೊಟ್ರು," ಎಂದಳು ಮಗಳು, ಮರಿಯನ್ನು ಹಿಡಿದು ತರುತ್ತಾ.

ನನ್ನ ಗಂಡ ನಮ್ಮಣ್ಣನೆದುರು ನಕ್ಕಿದ್ದು ಅದೇ ಮೊದಲು. "ನಾಳೆ ಬಸ್ ಎಷ್ಟೊತ್ಗೆ ಪಾಪ?" ಎಂದು ಕೇಳಿದರು.

ಸಂದಿಗೆ ಗೋಣಿಚೀಲ ಕಟ್ಟಿದೆವು. ಕೈಯಲ್ಲೇ ಲೋಕ ಅಳೆಯುವ ನಮ್ಮಣ್ಣ ಅದೇ ಕೈಯಿಂದ ಮುದ್ದೆ, ಅವರೆಕಾಯಿ ಸಾರು ಉಂಡು, ಯಾರ ಮುಖವನ್ನೂ ನೋಡದೆ ಎಲ್ಲರಿಗಿಂತ ಮೊದಲು ಮಲಗಿದ.