ಸಿರುಗುಪ್ಪದಲ್ಲಿ ತಿಂದ ಶಿರಾ

ಬಳ್ಳಾರಿಯ ಟೀಚರ್ ಟ್ರೇನಿಂಗ್ ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಗೆಳತಿಗೆ ನಿಶ್ಚಿತಾರ್ಥ ಎಂದಾಗ, ಅವಳಿಗಿಂತ ನನಗೇ ಸಡಗರ ಹೆಚ್ಚು. ಅವರು ಸಿರುಗುಪ್ಪದ ಮುಸಲ್ಮಾನರು. ಅಂಥ ಮನೆಯ ಹೊಸ್ತಿಲನ್ನು ನಾನು ದಾಟಿದವಳೇ ಅಲ್ಲ. ಮಡಿಹೆಂಗಸಾದ ನಮ್ಮಮ್ಮ ವಾರವಿಡೀ ಬೇಡವೆಂದು ಬಿಗಿಹಿಡಿದು, ಕಡೆಗೆ ಅಲ್ಲಿ ಬೇಯಿಸಿದ್ದೇನೂ ಬಾಯಿಗೆ ಹಾಕುವುದಿಲ್ಲವೆಂದು ಮಾತು ತೆಗೆದುಕೊಂಡು ಕಳಿಸಿದಳು. ಹೋಗಲು ಸಿಕ್ಕಿತಲ್ಲ, ಒಂದು ದಿನದ ಉಪವಾಸ ಯಾವ ಲೆಕ್ಕ!

ಆಗ ಯುದ್ಧಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಇಳಿದೆ. ಗೆಳತಿ ನಗಲಿಲ್ಲ. ನನ್ನನ್ನು ಒಳಕೋಣೆಗೆ ಎಳೆದೊಯ್ದಳು. ಟ್ರೇನಿಂಗ್ ಇನ್ನೊಂದು ವರ್ಷ ಬಾಕಿ ಇತ್ತು. ಕುರುಗೋಡಿನ ಬೀಗರು ಓದು ಬಿಡಿಸಿದರೆ ಗತಿಯೇನು? ಕೇಳಲು ಅವಳಪ್ಪನಿಗೆ ಧೈರ್ಯವಿರಲಿಲ್ಲ.

"ಇವತ್ತು ನಾ ತಲಿ ಎತ್ತಂಗಿಲ್ಲ, ಬಾಯಿ ಬಿಡಂಗಿಲ್ಲ. ನೀನರ ಕೇಳ," ಎಂದಳು.

ನನ್ನ ಬಾಯಿ ಬೊಂಬಾಯಿ ಎಂದು ಇಡೀ ಶಾಲೆಗೆ ಗೊತ್ತಿತ್ತು.

ನಮ್ಮಲ್ಲಾದರೆ ಪುರೋಹಿತರು ಲಗ್ನಪತ್ರಿಕೆ ಓದುತ್ತಾರೆ, ಗಂಡಸರದೇ ಕಾರುಬಾರು. ಇಲ್ಲಿ ಗಂಡಸರು ಹೊರಗೆ ಚಪ್ಪರದಲ್ಲಿ, ಒಳಗೆಲ್ಲ ಹೆಂಗಸರ ರಾಜ್ಯ. ಡೋಲಕ್ ಬಡಿದು ಹಾಡುತ್ತಿದ್ದರು, ಅತ್ತರಿನ ವಾಸನೆ ಗಮ್ಮೆನ್ನುತ್ತಿತ್ತು. ಹುಡುಗನ ಸುಳಿವೇ ಇಲ್ಲ! ಉಂಗುರ ತೊಡಿಸಿದ್ದು ಅವನ ತಾಯಿ. ಕಣ್ಣೆರಡೂ ಸಾಲದೆ ನೋಡಿದೆ. ಆಕೆ ಸೊಸೆಯ ಬಾಯಿ ಸಿಹಿ ಮಾಡಿ, ತಾವೇ ಮಾಡಿ ತಂದಿದ್ದ ಶಿರಾದ ಬಟ್ಟಲು ಹಿಡಿದು ನನ್ನ ಬಳಿಗೂ ಬಂದರು. ಸೆರಗಿನೊಳಗೆ ತಲೆ ತಗ್ಗಿಸಿ ಕೂತ ಗೆಳತಿಯ ಕಣ್ಣೀರು ಹೊಸ ಉಂಗುರದ ಮೇಲೆ ಬಿದ್ದದ್ದು ಕಂಡು ನನಗೆ ರೇಗಿಹೋಯಿತು.

"ಆಕಿ ಇನ್ನೊಂದು ವರ್ಷ ಓದಬೇಕ್ರಿ. ಮೊದಲ ಅದಕ್ಕ ಹೂಂ ಅನ್ರಿ," ಎಂದೆ.

ಡೋಲಕ್ ನಿಂತಿತು. ಗೆಳತಿಯ ತಾಯಿ ಹಣೆ ಹಿಡಿದುಕೊಂಡಳು. ಆ ಅತ್ತೆ ನನ್ನ ಕುಂಕುಮವನ್ನು ಒಂದು ಗಳಿಗೆ ನೋಡಿದರು.

"ನೀ ಆಚಾರ್ರ ಮನಿ ಹುಡುಗಿ ಅಂತ ಕೇಳೀನಿ. ನನ್ನ ಕೈಯಾಂದು ತಿಂತೀಯೇನವಾ? ನೀ ತಿಂದ್ರ ನಾ ಹೂಂ ಅಂತೀನಿ."

ತಿನ್ನಲಾರಳೆಂದೇ ಹಾಗೆ ಅಂದಿರಬೇಕು. ಅಮ್ಮನ ಮುಖ ಕಣ್ಣೆದುರು ಬಂತು. ಬಾಯಿ ತೆರೆದೆ. ತುಪ್ಪ, ಏಲಕ್ಕಿ, ಬಾಯಿ ತುಂಬ ಸಿಹಿ. ತಲೆ ಎತ್ತಬಾರದವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಆ ಅತ್ತೆ ಜೋರಾಗಿ ನಕ್ಕು, ಎಲ್ಲರೆದುರು ಹೂಂ ಎಂದರು.

ಮನೆಗೆ ಬಂದು ಇದ್ದದ್ದು ಇದ್ದಹಾಗೆ ಹೇಳಿದೆ. ಅಮ್ಮ ನನ್ನ ತಲೆಗೆ ನೀರು ಸುರಿದು, ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಗೆಳತಿ ಬಂದು ನನ್ನ ಪಕ್ಕದಲ್ಲೇ ಕೂತಳು.