ಮೂರನೇ ತಪ್ಪು ಯಾರದು

ನಮ್ಮ ಬಡಾವಣೆಯಲ್ಲಿ ನನ್ನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬರು ನನ್ನ ಯಜಮಾನರು, ಅವರಿಗೆ ಕಿವಿ ಮಂದ. ಇನ್ನೊಂದು ಬೀದಿ ದನ.

ಶಿಕಾರಿಪುರದ ಅಂಚಿನಲ್ಲಿರುವ ಈ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆದುಕೊಂಡು ಹಾಳು ಬಿದ್ದಿತ್ತು. ಸಂಜೆಯಾದರೆ ಕುಡುಕರು ಬಂದು ಕೂರುತ್ತಿದ್ದರು. ನಾವು ಹತ್ತು ಮನೆಯ ಹೆಂಗಸರು ಅನುಮತಿ ಪಡೆದು, ಕಳೆ ಕಿತ್ತು, ಒಡೆದ ಬಾಟಲಿ ಆರಿಸಿ, ಸುತ್ತ ತಂತಿಬೇಲಿ ಹಾಕಿಸಿದೆವು. ಮನೆಗೊಂದು ಮಡಿಯಂತೆ ಹಂಚಿಕೊಂಡು ತರಕಾರಿ ಹಾಕಿದೆವು. ಗೇಟಿನ ಬೀಗದ ಕೈ ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಬೇಕಾದವರು ಬಂದು ತೆಗೆದುಕೊಂಡು ಹೋಗುತ್ತಿದ್ದರು. ಕುಡುಕರನ್ನು ಓಡಿಸಿದ್ದು ನಾನು. ಬೆಳಗಾಗುವ ಮೊದಲೇ ಬಂದು ಪೂಜೆಗೆಂದು ಸೇವಂತಿಗೆ ಕಿತ್ತುಕೊಳ್ಳುತ್ತಿದ್ದ ಮೇಷ್ಟ್ರನ್ನು ಹಿಡಿದವಳೂ ನಾನೇ. ಹಾಗಾಗಿ ನಿಯಮ ಬರೆಯುವ ಕೆಲಸವೂ ನನಗೇ ಬಂತು. ಯಾರ ಮನೆಯ ದನವಾಗಲಿ, ಕುರಿಯಾಗಲಿ, ಜನವಾಗಲಿ, ಇನ್ನೊಬ್ಬರ ಮಡಿಗೆ ಕೈಯೋ ಬಾಯೋ ಹಾಕಿದರೆ ಎರಡು ಸಲ ಎಚ್ಚರಿಕೆ, ಮೂರನೇ ಸಲಕ್ಕೆ ಮಡಿ ಬಿಟ್ಟುಕೊಡಬೇಕು. ಬರೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮೂಲೆಯ ಮಡಿ ಕೊನೆಯ ಸಾಲಿನ ಕುರಿ ಸಾಕುವ ಮನೆಯವಳದು. ಅವಳ ಗಂಡ ಮಂದೆ ಹೊಡೆದುಕೊಂಡು ಊರೂರು ತಿರುಗುತ್ತಾನೆ, ಇವಳು ಮನೆಯಲ್ಲಿ ನಾಲ್ಕಾರು ಮರಿ ನೋಡಿಕೊಂಡಿರುತ್ತಾಳೆ. ಹತ್ತೂ ಮಡಿಗೆ ಕುರಿಗೊಬ್ಬರ ತಂದು ಸುರಿದವಳು ಅವಳು. "ಮಂದಿ ಹೊಲದಾಗೆ ಕುರಿ ನಿಲ್ಸೇ ನಮ್ ಜನ್ಮ ಹೋತು ಅಕ್ಕಾ, ನನ್ದು ಅಂತ ಬೀಜ ಹಾಕಿದ್ದು ಇದೇ ಮೊದ್ಲು" ಎಂದು ಒಮ್ಮೆ ಹೇಳಿದ್ದಳು. ಆದರೆ ಮಳೆಗಾಲದಲ್ಲಿ ಅವಳ ಮರಿಗಳು ಬೇಲಿಯ ಸಂದಿಯಲ್ಲಿ ಎರಡು ಸಲ ನುಗ್ಗಿದ್ದವು. ಎರಡು ಎಚ್ಚರಿಕೆಯೂ ಮುಗಿದಿದ್ದವು. ಅವಳೇ ಆ ಸಂದಿಗೆ ಜಾಲಿಮುಳ್ಳು ತಂದು ತುರುಕಿದಳು.

ಆ ಅಕ್ಟೋಬರಿನಲ್ಲಿ ನಮ್ಮ ಮನೆಗೆ ಬೀಗಿತ್ತಿ ಬಂದಿದ್ದರು. ಸೊಸೆಗೆ ಏಳು ತಿಂಗಳು. ಬಸ್ಸಿನಲ್ಲಿ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅವಳ ತಾಯಿಯೇ ಸೊರಬದ ಗುಡವಿ ಕಡೆಯ ಹಳ್ಳಿಯಿಂದ ಬಂದು ಉಳಿದಿದ್ದರು. ಮಾತು ಕಡಿಮೆ, ಕೆಲಸ ಜಾಸ್ತಿ. ನಾನು ಏಳುವಷ್ಟರಲ್ಲಿ ಅಂಗಳ ಗುಡಿಸಿ, ಎಲ್ಲಿಗೋ ಹೋಗಿ ಬಂದು ಕೈಕಾಲು ತೊಳೆದಿರುತ್ತಿದ್ದರು.

ಒಂದು ಬೆಳಿಗ್ಗೆ ತೋಟಕ್ಕೆ ಹೋದೆ. ಕುಂಬಳ, ಹೀರೆ, ಬಸಳೆ, ಹರಿವೆ, ಅಲಸಂದೆ, ಒಂದನ್ನೂ ಬಿಡದೆ ಹತ್ತೂ ಮಡಿಯಲ್ಲಿ ಕುಡಿ ಮಾಯ. ಕುರಿಗಳು ತುದಿ ತುದಿಯನ್ನೇ ಮೇದಿವೆ! ನನಗೆ ಇನ್ನೇನೂ ಹೊಳೆಯಲಿಲ್ಲ. ನಿಂತ ಕಾಲಲ್ಲೇ ಎಲ್ಲರನ್ನೂ ಕರೆಸಿದೆ.

ಕುರಿಯವಳು ಓಡಿ ಬಂದಳು. ಬಗ್ಗಿ ಬಗ್ಗಿ ನೋಡಿದಳು. "ಕುರಿ ಹಿಂಗೆ ತಿನ್ನಲ್ಲ ಅಕ್ಕಾ, ಜಗ್ಗಿ ಎಳೀತಾವು. ಇದು ಉಗುರಿಂದ ಚಿವುಟಿದ್ದು. ಮುಳ್ಳು ಹಾಕಿದ್ದು ಹಂಗೇ ಐತಿ ನೋಡ್ರಿ. ಒಂದು ಹಿಕ್ಕಿ ಐತೇನ್ರಿ ಇಲ್ಲಿ?"

"ಮತ್ತೆ ದೆವ್ವ ಬಂದು ಚಿವುಟಿತಾ?"

"ನನ್ ಮಡೀದೂ ಹೋಗೈತಲ್ರಿ!"

"ಇದು ಯಜಮಾನ್ತಿ ಮಡಿ ಅಂತ ಕುರಿಗೆ ಗೊತ್ತಾಗುತ್ತೇನೇ?"

ಯಾರೋ ಕಿಸಕ್ಕೆಂದರು. ನನಗೆ ಇನ್ನಷ್ಟು ಉಮೇದು ಬಂತು. ಅಲ್ಲೇ ಒಂದು ಹಾಳೆಯಲ್ಲಿ, ಮೂರನೇ ತಪ್ಪಾದ್ದರಿಂದ ಮೂಲೆಯ ಮಡಿಯನ್ನು ಬಿಡಿಸಲಾಗಿದೆ ಎಂದು ಬರೆದು ಮೊದಲ ಸಹಿ ಹಾಕಿದೆ. ಇದ್ದ ಐವರೂ ಹಾಕಿದರು. ಉಳಿದವರು ಸಂಜೆ ಬಂದು ಹಾಕುವುದು, ಆಮೇಲೆ ಅವಳೂ ಹಾಕಿ ಮಡಿ ಖಾಲಿ ಮಾಡುವುದು ಎಂದಾಯಿತು. ಅವಳು ವಾದ ಮಾಡಲಿಲ್ಲ. "ಬದನೆ ಈಗ ಹೂ ಬಿಟ್ಟೈತ್ರಿ. ಅದಕ್ಕ ನೀರು ಹಾಕೋರು ಯಾರು ಅಂತ ಹೇಳ್ರಿ ಸಾಕು" ಎಂದು ಹೋದಳು. ಆ ಮಾತು ನನಗೆ ಚುಚ್ಚಿತು. ಚುಚ್ಚಿದ್ದನ್ನು ಒಪ್ಪಿಕೊಳ್ಳುವ ಹೆಂಗಸು ನಾನಲ್ಲ.

ಮನೆಗೆ ಬಂದು ಅಡುಗೆಮನೆಗೆ ಕಾಲಿಟ್ಟರೆ ಬೀಗಿತ್ತಿ ಮೊರದ ತುಂಬ ಹಸಿರು ಹರಡಿಕೊಂಡು ಕೂತಿದ್ದರು. ಕುಂಬಳದ ಕುಡಿ, ಹೀರೆಯ ಕುಡಿ, ಬಸಳೆ, ಹರಿವೆ, ಅಲಸಂದೆ. ಒಂದೊಂದನ್ನೇ ಆರಿಸಿ ಪಕ್ಕಕ್ಕಿಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಬೀಗ್ರೇ, ಇದೆಲ್ಲಿಂದ ತಂದ್ರಿ?"

"ನಿಮ್ ತೋಟದಿಂದ್ಲೇ. ಬೆಳಗಿನ್ ಜಾವ ಕೀಲಿಕೈ ತಗಂಡ್ ಹೋಗಿದ್ದೆ" ಎಂದರು, ತಲೆಯೆತ್ತದೆ. "ನಾಳೆ ಭೂಮಿ ಹುಣ್ಣಿಮೆ ಅಲ್ಲನಾ? ಭೂಮ್ತಾಯಿ ಬಸ್ರಿ. ಅವಳ ಬಯಕೆ ಊಟಕ್ಕೆ ಸೊಪ್ಪು ಬೇಯ್ಸಿ ಹಚ್ಚಂಬಲಿ ಮಾಡಿ ಮಣ್ಣಿಗೆ ಚೆಲ್ಬೇಕು, ಅದಕ್ಕೆ ನೂರೊಂದು ಕುಡಿ. ನಮ್ಮೂರಲ್ಲಾದ್ರೆ ಗುಡ್ಡ ಅದೆ, ಹುಲ್ಲಿನ ಬ್ಯಾಣ ಅದೆ. ಇಲ್ಲಿ ಎಂತ ಅದೆ? ಮಗಳೂ ಬಸ್ರಿ, ಈ ವರ್ಷ ತಪ್ಸಬಾರ್ದು ಅಂತ ಒಂದೊಂದು ಬಳ್ಳೀಲಿ ಒಂದೊಂದು ಚಿವುಟ್ಕಂಡ್ ಬಂದೆ."

"ಯಾರನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ?"

"ಹುಣ್ಣಿಮೆ ಕುಡಿಗೆ ಯಾರ್ನಾದ್ರೂ ಕೇಳ್ತಾರನಾ?" ಎಂದು ಅವರು ನನ್ನನ್ನೇ ಬೆರಗಿನಿಂದ ನೋಡಿದರು.

ನನ್ನ ತವರು ಬಯಲುಸೀಮೆಯ ಕಡೆ. ಇದೇ ಹುಣ್ಣಿಮೆಯನ್ನು ನಾವು ಶೀಗಿ ಹುಣ್ಣಿಮೆ ಎನ್ನುತ್ತೇವೆ, ಹೊಲದಲ್ಲಿ ಚರಗದ ಅನ್ನ ಚೆಲ್ಲಿ, ಬುತ್ತಿ ಉಂಡು ಬರುತ್ತೇವೆ. ಈ ನೂರೊಂದು ಕುಡಿಯ ಲೆಕ್ಕ ನನಗೆ ಗೊತ್ತೇ ಇರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಬೀಗಿತ್ತಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಯೂ ಆಮೇಲೆ ಬಂತು. ಮೊದಲು ಬಂದದ್ದು ಸಮಾಧಾನ. ಸದ್ಯ, ಕುರಿಯವಳ ಸಹಿ ಇನ್ನೂ ಆಗಿಲ್ಲ! ಒಂದು ದಿನ ತಡವಾಗಿ ತಿಳಿದಿದ್ದರೆ, ಆ ಬದನೆ ಗಿಡ ಕಿತ್ತ ಮೇಲೆ ತಿಳಿದಿದ್ದರೆ, ನಾನು ಆ ಮೂಲೆಯನ್ನು ನೋಡಿಕೊಂಡು ಹೇಗೆ ಓಡಾಡುತ್ತಿದ್ದೆ? ಗೋಡೆಗೆ ಒರಗಿ ನಿಂತು ಉಸಿರುಬಿಟ್ಟೆ. ಬೀಗಿತ್ತಿ ಹೆದರಿ ನೀರು ತಂದುಕೊಟ್ಟರು.

ಸಂಜೆ ಗೇಟಿನ ಹತ್ತಿರ ಎಲ್ಲರೂ ಸೇರಿದರು. ಕುರಿಯವಳು ಕೊನೆಯಲ್ಲಿ ಬಂದು ಬೇಲಿಗೆ ಆತು ನಿಂತಳು. ನಾನು ಸುತ್ತಿ ಬಳಸದೆ ಹೇಳಿಬಿಟ್ಟೆ.

"ಚಿವುಟಿದ್ದು ಕುರಿಯಲ್ಲ, ನಮ್ಮ ಬೀಗರು. ನಾಳೆ ಭೂಮಿ ಹುಣ್ಣಿಮೆಗೆ ಹಚ್ಚಂಬಲಿ ಮಾಡಿ ಚೆಲ್ಲೋದಕ್ಕಂತೆ. ನನ್ನ ಮನೆಯ ಮೊಳೆಯಿಂದಲೇ ಬೀಗದ ಕೈ ತಗೊಂಡು ಬಂದಿದ್ದರು. ನಾನು ಬರೆದ ನಿಯಮದ ಪ್ರಕಾರ ನಮ್ಮ ಮನೆಗೆ ಮೊದಲ ಎಚ್ಚರಿಕೆ ಬರೆದುಕೊಳ್ಳಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಬೀಗ್ರಿಗೆ ಎಚ್ಚರಿಕೆ ನೀವೇ ಕೊಡ್ರಿ, ನಮ್ ಕೈಲಾಗಲ್ಲ" ಎಂದು ಒಬ್ಬಳು ಕಿಚಾಯಿಸಿದಳು. ನನಗೂ ನಗು ಬಂತು. ನಗದೆ ಇದ್ದವಳು ಕುರಿಯವಳೊಬ್ಬಳೇ.

"ತಪ್ಪಾಯ್ತು ಕಣೇ" ಎಂದೆ. ಈ ಮಾತು ನನ್ನ ಬಾಯಲ್ಲಿ ಬಂದದ್ದನ್ನು ಆ ಬಡಾವಣೆಯಲ್ಲಿ ಯಾರೂ ಕೇಳಿರಲಿಲ್ಲ.

"ಆ ಚೀಟಿ ಹರೀರಿ ಮೊದ್ಲು" ಎಂದಳು. "ಆಮೇಲೆ ನಗ್ತೀನಿ."

ಹರಿದೆ. ಅವಳು ಮುಂದೆ ಬಂದು ಆ ಚೂರುಗಳನ್ನು ನನ್ನ ಕೈಯಿಂದ ಇಸಿದುಕೊಂಡು, ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಒಂದು ಬುಟ್ಟಿ ಕುರಿಹಿಕ್ಕೆ ಸುರಿದಳು. ಕೈ ಕೊಡವಿಕೊಂಡು ನನ್ನ ಕಡೆ ತಿರುಗಿದಳು.

"ನಾಳೆ ನಿಮ್ ಬೀಗ್ರು ಅದೇನೋ ಚೆಲ್ತಾರಂತಲ್ಲ, ನನ್ ಬದನೆ ಬುಡಕ್ಕೂ ಒಂದು ತುತ್ತು ಹಾಕಾಕೆ ಹೇಳ್ರಿ. ಮತ್ತೆ ಅಕ್ಕಾ, ಇನ್ನೊಂದು ಸಲ ಎಲೆ ಹೋದ್ರೆ, ಮೊದ್ಲು ನಿಮ್ ಅಡುಗೆಮನೆ ನೋಡ್ಕಂಡು ಆಮೇಲೆ ನನ್ನ ಕರೀರಿ."

ಅಷ್ಟು ಹೇಳಿ ನಕ್ಕಳು. ಅವಳು ನಕ್ಕ ಮೇಲೆಯೇ ನನಗೆ ಬೆಳಗ್ಗಿನಿಂದ ಏನೂ ತಿಂದಿಲ್ಲ ಎಂಬುದು ನೆನಪಾಯಿತು.